ಟೇಪು ಬಿಚ್ಚಿದವನು ಒಬ್ಬನೇ

ಐದು ಜನ ಗುತ್ತಿಗೆದಾರರಲ್ಲಿ ಟೇಪು ಬಿಚ್ಚಿದವನು ಒಬ್ಬನೇ ಒಬ್ಬ.

ಉಳಿದ ನಾಲ್ವರು ಪಂಪ್‌ಹೌಸಿನ ಎದುರು ನಿಂತು ಬಿಸಿಲಿಗೆ ಶಾಪ ಹಾಕುತ್ತಿದ್ದರು. ಟೈ ಕಟ್ಟಿಕೊಂಡು ಬಂದಿದ್ದವನು ಫೋನಿನಲ್ಲಿ ಮುಳುಗಿದ್ದ. ಡೊಳ್ಳುಹೊಟ್ಟೆಯವನು ನೆರಳು ಹುಡುಕಿಕೊಂಡು ಹೋಗಿ ಮರಕ್ಕೆ ಒರಗಿದ್ದ. ಹಲ್ಲುಕಡ್ಡಿ ಕಚ್ಚಿಕೊಂಡಿದ್ದವನು ಬಾಯಿ ತುಂಬ ಆಕಳಿಸುತ್ತಿದ್ದ. ಇವರ ಗುಂಪಿಗೆ ಹೊಸದಾಗಿ ಸೇರಿದ್ದ ಸಣಕಲು ಮನುಷ್ಯ ಮಾತ್ರ ಒಂದು ಬದಿಯಲ್ಲಿ ಕೈಕಟ್ಟಿ ನಿಂತಿದ್ದ.

ಗಡ್ಡದವನು ಕಟ್ಟಡದ ಹಿಂದಕ್ಕೆ ಹೋದ. ನಾನೂ ಮೂತ್ರಕ್ಕೆ ಹೋಗುವವನಂತೆ ಹಿಂದೆಯೇ ಹೋದೆ. ಅವನು ಬಿರುಕುಬಿಟ್ಟ ಗೋಡೆಯ ಬುಡದಲ್ಲಿ ಮಂಡಿಯೂರಿದ. ಬಿರುಕಿನೊಳಗೆ ಬೆರಳು ತೂರಿಸಿದ. ಗಾರೆಯನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ. ಆಮೇಲೆ ಟೇಪು ಬಿಚ್ಚಿ ಉದ್ದ, ಎತ್ತರ, ದಪ್ಪ ಎಲ್ಲವನ್ನೂ ಅಳೆದ. ವಾಪಸು ಬರುವಾಗ ಗೇಟಿನ ಅಗಲವನ್ನೂ ಬಿಡಲಿಲ್ಲ. ಲಾರಿ ಒಳಗೆ ಬರಬೇಕಲ್ಲ.

ನಾನು ಬಾಯಿ ಬಿಡುವಂತಿರಲಿಲ್ಲ. ವಿಚಾರಣೆ ಎದುರಿಸುವ ಅಧಿಕಾರಿಗೆ ಒಬ್ಬ ಸಹಾಯಕನನ್ನು ಇಟ್ಟುಕೊಳ್ಳಲು ಅವಕಾಶವಿದೆ. ಆ ನೆಪದಲ್ಲಿ ನಮ್ಮ ಅತ್ತಿಗೆಯ ಪರವಾಗಿ ಇಲಾಖೆಯ ಕಾರಿನಲ್ಲಿ ಒಂದು ಸೀಟು ಸಿಕ್ಕಿತ್ತು. ಷರತ್ತು ಒಂದೇ: ನೋಡಬಹುದು, ಮಾತಾಡಬಾರದು. ವಿಮೆ ಕಂಪನಿಗಳಿಗಾಗಿ ಸುಳ್ಳು ಅಪಘಾತಗಳ ಬೆನ್ನು ಹತ್ತುವುದು ನನ್ನ ಹೊಟ್ಟೆಪಾಡು. ನೋಡಿಯೂ ಮಾತಾಡದೆ ಇರುವುದು ಆ ಕೆಲಸದ ಅತ್ಯಂತ ಕಷ್ಟದ ಭಾಗ.

ಅತ್ತಿಗೆ ಅಮಾನತಾಗಿ ವಾರವಾಗಿತ್ತು. ಇನ್ನು ಮೂರು ದಿನಕ್ಕೆ ವಿಚಾರಣೆ. ನೀರಿನ ಟ್ಯಾಂಕಿನ ದುರಸ್ತಿಯನ್ನು ಹೊಸಬನಿಗೆ ಬೇಕೆಂದೇ ಕೊಟ್ಟಳು ಎಂಬ ಆರೋಪ ಸಾಬೀತಾದರೆ ಕೆಲಸದಿಂದಲೇ ವಜಾ.

ಆ ಆರೋಪದ ಅರ್ಜಿ ಹಾಕಿದವನು ಅಲ್ಲೇ ಹಲ್ಲುಕಡ್ಡಿ ಕಚ್ಚಿಕೊಂಡು ಆಕಳಿಸುತ್ತಿದ್ದ.

ಗುತ್ತಿಗೆದಾರರೆಲ್ಲ ಇಲಾಖೆಯ ವ್ಯಾನು ಹತ್ತಿ, ಮುಂದೆ ನಮ್ಮ ಕಾರು ಹೊರಟ ಮೇಲೆ ಅತ್ತಿಗೆಯ ಜಾಗದಲ್ಲಿ ಕೂತಿರುವ ಹಂಗಾಮಿ ಎಂಜಿನಿಯರ್ ಕಡೆ ತಿರುಗಿದೆ. ಮೆತ್ತಗಿನ ಮನುಷ್ಯ. ಯಾರಾದರೂ ಜೋರಾಗಿ ಸೀನಿದರೂ ಕ್ಷಮಿಸಿ ಎನ್ನುವ ಜಾತಿ.

"ಪಂಪ್‌ಹೌಸು ಗಡ್ಡದವನಿಗೆ ಹೋಗುತ್ತೆ," ಎಂದೆ.

"ಏನ್ ಸರ್ ತಮಾಷೆ ಮಾಡ್ತೀರಿ. ಇನ್ನೂ ಯಾರೂ ರೇಟೇ ಬರೆದಿಲ್ಲ. ನಾಳೆ ಲಕೋಟೆ ತರ್ತಾರೆ, ಎಲ್ಲರ ಎದುರೇ ಒಡೀತೀವಿ."

"ನಾಳೆ ಒಡೆದ ಮೇಲೆ ನನಗೊಂದು ಫೋನ್ ಮಾಡ್ತೀರಾ?"

ಆತ ಮಾಡಿದ. ಫೋನಿನಲ್ಲಿ ದನಿ ಇನ್ನೂ ಮೆತ್ತಗಾಗಿತ್ತು.

"ಸರ್, ಗಡ್ಡದವರದ್ದೇ ಕಮ್ಮಿ. ನಿಮಗೆ ಮೊದಲೇ ಹೇಗೆ ಗೊತ್ತಾಯ್ತು? ನನ್ನ ಮೇಲೇನೂ ಬರೋಲ್ಲ ತಾನೇ?"

"ನೀವಿನ್ನೂ ಸಹಿ ಹಾಕಿಲ್ಲ ತಾನೇ?"

"ನನಗೆಲ್ಲಿ ಸರ್ ಸಹಿ ಹಾಕೋ ಅಧಿಕಾರ? ನಾನು ಹಂಗಾಮಿ."

ಅವನ ಹಣೆಬರಹ ಚೆನ್ನಾಗಿತ್ತು ಎಂದುಕೊಂಡೆ.

ನನಗೆ ಖುಷಿಯಾಯಿತೋ ದಿಗಿಲಾಯಿತೋ ಹೇಳಲಾರೆ. ಕುತೂಹಲ ಮಾತ್ರ ಅತಿಯಾಯಿತು, ಅದು ನನ್ನ ಹುಟ್ಟುಗುಣ. ಮುಚ್ಚಿದ ಲಕೋಟೆಯೊಳಗಿನ ಉತ್ತರ ತೆರೆದ ಬಯಲಿನಲ್ಲಿ ನನ್ನ ಕಣ್ಣಿಗೇ ಕಂಡಿದ್ದು ಹೇಗೆ? ನಿಜವಾಗಿ ಕೆಲಸ ಮಾಡುವವನು ಅಳೆಯದೆ ರೇಟು ಬರೆಯಲಾರ. ಕೆಲಸ ತನಗೆ ಸಿಗುವುದಿಲ್ಲ ಎಂದು ಮೊದಲೇ ಗೊತ್ತಿರುವವನಿಗೆ ಮಾತ್ರ ಟೇಪು ಬೇಕಿಲ್ಲ.

ಆದರೆ ಅವರಿಗೆ ಮೊದಲೇ ಗೊತ್ತಾಗುವುದು ಎಲ್ಲಿ? ಅದನ್ನು ಕೇಳಲು ಅಣ್ಣನ ಮನೆಗೆ ಹೋದೆ.

ಅತ್ತಿಗೆ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಒಂದೊಂದು ತುಂಡೂ ಒಂದೇ ಉದ್ದ. ಅಮಾನತಾದ ಮೇಲೆ ಈ ಮನೆಯ ತರಕಾರಿಗೆಲ್ಲ ಇಲಾಖೆಯ ಶಿಸ್ತು ಬಂದಿತ್ತು. ಅಣ್ಣ ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಮನೆಯಲ್ಲಿ ಅತ್ತಿಗೆ ಹೇಳಿದ್ದೇ ಲೆಕ್ಕ. ಅವನು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಉತ್ತರ ಪತ್ರಿಕೆಗಳನ್ನು ಮಡಿಲಲ್ಲಿಟ್ಟು ಕೂತಿದ್ದ. ಒಂದನ್ನೂ ತಿದ್ದಿರಲಿಲ್ಲ.

"ಅತ್ತಿಗೆ, ನನಗೆ ಒಂದನೇ ಕ್ಲಾಸಿನ ಪಾಠ ಹೇಳಿಕೊಡು. ನಿಮ್ಮ ಇಲಾಖೇಲಿ ಒಂದು ಕೆಲಸ ಒಬ್ಬನ ಕೈಗೆ ಹೋಗೋದು ಹೇಗೆ?"

"ನಿನಗೆ ಎಷ್ಟು ಸಲ ಹೇಳಿಲ್ಲ?"

"ಎಷ್ಟು ಸಲ ಹೇಳಿದ್ರೂ ನನ್ನ ತಲೆಗೆ ಹತ್ತಿಲ್ಲ. ಇವತ್ತು ಹತ್ತುತ್ತೆ."

ಅವಳು ಚಾಕು ಕೆಳಗಿಟ್ಟಳು. "ಸಣ್ಣ ಸಣ್ಣ ದುರಸ್ತಿಗೆಲ್ಲ ಒಂದೊಂದು ಸಲಾನೂ ದೊಡ್ಡ ಟೆಂಡರ್ ಕರೆಯೋಕಾಗುತ್ತಾ? ಪೈಪು ಒಡೆದು ನೀರು ಹರಿದುಹೋಗ್ತಿದ್ರೆ ಆರು ತಿಂಗಳು ಕಾಯೋಕಾಗುತ್ತಾ? ಅದಕ್ಕೆ ಮೊದಲೇ ಐದು ಜನರನ್ನ ಆರಿಸಿ ಇಟ್ಕೊಂಡಿರ್ತೀವಿ. ಯೋಗ್ಯತೆ ನೋಡಿ, ಹಳೇ ಕೆಲಸ ನೋಡಿ. ಆಮೇಲೆ ಕೆಲಸ ಬಂದಾಗಲೆಲ್ಲ ಆ ಐದು ಜನರಿಗೂ ಹೇಳ್ತೀವಿ. ಐದು ಜನಾನೂ ಜಾಗ ನೋಡಬೇಕು, ತಾವೇ ಅಳೀಬೇಕು, ಹೇಗೆ ಮಾಡ್ತೀವಿ, ಎಷ್ಟಕ್ಕೆ ಮಾಡ್ತೀವಿ ಅಂತ ಬರೆದು ಲಕೋಟೇಲಿ ಕೊಡಬೇಕು. ಯಾರದು ಚೆನ್ನಾಗಿದೆಯೋ ಅವರಿಗೆ ಆ ಕೆಲಸದ ಆದೇಶ."

"ಅಳತೆ ನೀವೇ ಕೊಟ್ಟುಬಿಡಬಹುದಲ್ಲ?"

"ಕೊಟ್ಟು, ಅದು ಒಂದಂಗುಲ ಹೆಚ್ಚುಕಮ್ಮಿ ಆದ್ರೆ ಮುಗೀತು. ನಿಮ್ಮ ಅಳತೆ ನಂಬಿ ಹಾಳಾದೆ ಅಂತ ಬಂದು ಕೂರ್ತಾರೆ. ಅದಕ್ಕೇ ಅಳತೆ ಅವರ ಪಾಡು. ಒಬ್ಬನಿಗೆ ಏನಾದ್ರೂ ಹೇಳಿದ್ರೆ ಐದು ಜನರಿಗೂ ಹೇಳಬೇಕು. ಒಬ್ಬನ ಕಿವೀಲಿ ಹೇಳಂಗಿಲ್ಲ."

"ಆ ವ್ಯಾನು ಯಾಕೆ? ಅವರಿಗೆ ಅವರವರ ಕಾರು ಇದೆಯಲ್ಲ."

"ಮೊದಲು ಅವರವರ ಕಾರಲ್ಲೇ ಬರ್ತಿದ್ರು. ಒಬ್ಬ ಅರ್ಧ ಗಂಟೆ ಮುಂಚೆ ಬಂದು ಎಂಜಿನಿಯರ್ ಕಿವಿ ಕಚ್ತಾನೆ, ಇನ್ನೊಬ್ಬ ಎಲ್ಲರೂ ಹೋದ ಮೇಲೆ ಉಳ್ಕೊಂಡು ಟೀ ಕುಡಿಸ್ತಾನೆ ಅಂತ ದೂರು ಬಂತು. ಆಗ ನಾನೇ ನಿಯಮ ಮಾಡಿಸ್ದೆ. ಐದು ಜನಾನೂ ಇಲಾಖೆ ವ್ಯಾನಲ್ಲಿ ಒಟ್ಟಿಗೆ ಬರಬೇಕು, ಒಟ್ಟಿಗೆ ಹೋಗಬೇಕು. ನಾವು ಮುಂದೆ ಬೇರೆ ಕಾರಲ್ಲಿ. ಯಾರಿಗೂ ನಮ್ಮ ಜೊತೆ ಗುಟ್ಟಲ್ಲಿ ಮಾತಾಡೋಕೆ ಆಗಬಾರದು."

ನಾನು ಒಂದು ಬೀನ್ಸ್ ತುಂಡು ಬಾಯಿಗೆ ಹಾಕಿಕೊಂಡೆ. ಹಸಿ ಬೀನ್ಸು ತಿನ್ನುವುದು ನನಗೆ ಇಷ್ಟವಿಲ್ಲ. ಯೋಚನೆ ಬಂದಾಗ ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ.

"ಅತ್ತಿಗೆ, ಅವರು ನಿಮ್ಮ ಜೊತೆ ಗುಟ್ಟಲ್ಲಿ ಮಾತಾಡದ ಹಾಗೆ ಮಾಡ್ದೆ. ಅವರವರೇ ಮಾತಾಡೋಕೆ?"

ಅವಳು ಹೆಚ್ಚಿದ ತುಂಡುಗಳನ್ನು ಒಂದೆಡೆ ಗುಡ್ಡೆ ಮಾಡಿದಳು.

"ಹೋಗೋಕೆ ಅರ್ಧ ಗಂಟೆ, ಬರೋಕೆ ಅರ್ಧ ಗಂಟೆ. ಬಾಗಿಲು ಹಾಕಿದ ವ್ಯಾನು. ನಿಮ್ಮವರು ಯಾರೂ ಇಲ್ಲ. ಒಬ್ಬರಿಗೊಬ್ಬರು ಪೈಪೋಟಿ ಮಾಡಬೇಕಾದ ಐದು ಜನಾನ ನೀನೇ ಒಂದು ಡಬ್ಬೀಲಿ ಹಾಕಿ, ಮುಚ್ಚಳ ಮುಚ್ಚಿ, ಡ್ರೈವರು ಕೊಟ್ಟು ಕಳಿಸ್ದೆ."

ಅಣ್ಣ ತಲೆಯೆತ್ತಿದ. ಅತ್ತಿಗೆ ಚಾಕು ಕೈಗೆತ್ತಿಕೊಂಡು, ಹೆಚ್ಚಿದ್ದ ಬೀನ್ಸನ್ನೇ ಮತ್ತೆ ಹೆಚ್ಚತೊಡಗಿದಳು. ಪಂಪ್‌ಹೌಸಿನ ಹಿಂದೆ ಕಂಡದ್ದನ್ನು ಹೇಳಿದೆ. ಲಕೋಟೆಯ ಸುದ್ದಿಯನ್ನೂ ಹೇಳಿದೆ. ಅವಳು ಅಯ್ಯೋ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

"ಗಡ್ಡದವನಾ?" ಎಂದಳು, ಅಷ್ಟೆ.

ಪಾಪ, ತಾನು ಮಾಡಿಸಿದ ನಿಯಮವೇ ತನ್ನ ಕಣ್ಣಿಗೆ ಮಣ್ಣೆರಚಿತಲ್ಲ ಎಂದು ಬೇಜಾರಾಗಿರಬೇಕು ಎಂದುಕೊಂಡೆ. ನನಗೂ ಅವಳ ಬಗ್ಗೆ ಸಂಕಟವಾಯಿತು. ನಾನು ಕಾಲೇಜಿಗೆ ಹೋಗುತ್ತಿದ್ದಾಗ ನನ್ನ ಫೀಸಿನಿಂದ ಹಿಡಿದು ಷರ್ಟಿನ ಗುಂಡಿಯವರೆಗೆ ನೋಡಿಕೊಂಡವಳು ಅವಳು. ಕಛೇರಿಯ ಪೆನ್ಸಿಲನ್ನೂ ಮನೆಗೆ ತಂದವಳಲ್ಲ.

"ಹಲ್ಲುಕಡ್ಡಿಯವನನ್ನ ನೋಡ್ಕೊಂಡು ಬರ್ತೀನಿ," ಎಂದು ಎದ್ದೆ.

"ಅವನ ಹತ್ತಿರ ನಿನ್ನ ಬೇಳೆ ಬೇಯೋಲ್ಲ," ಎಂದ ಅಣ್ಣ.

"ಬೇಯಿಸೋಕೆ ಹೋಗ್ತಿಲ್ಲ. ಬೆಣ್ಣೆ ಹಚ್ಚೋಕೆ ಹೋಗ್ತಿದೀನಿ."

ಹಲ್ಲುಕಡ್ಡಿಯವನ ಗೋದಾಮು ಊರಾಚೆ ಇತ್ತು. ಅಂಗಳದಲ್ಲಿ ಕಬ್ಬಿಣದ ಸರಳುಗಳ ರಾಶಿ, ಕಾಂಕ್ರೀಟು ಕಲೆಸುವ ಯಂತ್ರಗಳು, ಟಾರ್ಪಾಲು ಹೊದ್ದ ಸಿಮೆಂಟು ಮೂಟೆಗಳು. ಒಳಗಿನ ಸಣ್ಣ ಕೋಣೆಯಲ್ಲಿ ಅವನು ಫ್ಯಾನಿನ ಕೆಳಗೆ ಕೂತು ಕಡ್ಡಿ ಬದಲಾಯಿಸುತ್ತಿದ್ದ. ಮೇಜಿನ ಮೇಲೆ ಗಾಜಿನ ಲೋಟದ ತುಂಬ ಕಡ್ಡಿಗಳು.

"ಬನ್ನಿ ಸ್ವಾಮಿ. ಅತ್ತಿಗೆ ಕಡೆಯಿಂದ ರಾಯಭಾರಾನಾ?"

"ಇಲ್ಲಪ್ಪ. ನನಗೂ ನಮ್ಮತ್ತಿಗೆಗೂ ಅಷ್ಟಕ್ಕಷ್ಟೆ. ಅವರು ಮಾಡಿದ್ದು ಸರಿ ಅಂತ ಕಣ್ಣು ಮುಚ್ಕೊಂಡು ಹೇಳೋಕೆ ನಾನು ಬಂದಿಲ್ಲ."

ಸುಳ್ಳು ಹೇಳುವಾಗ ನಾನು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಎಳೆದುಕೊಂಡೆ.

"ನನಗೆ ಒಂದೇ ಅನುಮಾನ. ಆ ಟ್ಯಾಂಕಿನ ಕೆಲಸಕ್ಕೆ ನೀವು ಬಹಳ ಕಷ್ಟಪಟ್ಟು ತಯಾರಿ ಮಾಡಿದ್ರಂತೆ. ಅಂಥವರನ್ನ ಬಿಟ್ಟು ನಿನ್ನೆ ಮೊನ್ನೆ ಬಂದವನಿಗೆ ಕೊಟ್ರಲ್ಲ, ಅದು ಹೇಗೆ?"

ಅವನ ಮುಖ ಅರಳಿತು. ವಾರದಿಂದ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ಕಾದು ಕೂತಿದ್ದನೇನೋ.

"ಕಷ್ಟ ಅಂದ್ರೆ ಕಷ್ಟಾನಾ? ಈ ವಯಸ್ಸಲ್ಲಿ ಏಣಿ ಹತ್ತಿದೀನಿ ಸ್ವಾಮಿ. ಟ್ಯಾಂಕಿನೊಳಗೆ ಇಳಿದಿದೀನಿ. ಒಳಗೆ ಪಾಚಿ, ಕಾಲಿಟ್ರೆ ಜಾರುತ್ತೆ. ಕತ್ತಲೆ ಬೇರೆ. ಟಾರ್ಚು ಬಾಯಲ್ಲಿ ಕಚ್ಕೊಂಡು ಅಳತೆ ತಗೊಂಡೆ."

"ಕಡ್ಡಿ ಎಲ್ಲಿಟ್ಟಿದ್ರಿ?"

"ಕಿವಿ ಮೇಲೆ." ಅವನೂ ನಕ್ಕ, ನಾನೂ ನಕ್ಕೆ. ಗಾಳಕ್ಕೆ ಮೀನು ಮೂತಿ ತಾಗಿಸಿತು ಎಂದುಕೊಂಡೆ.

"ಉಳಿದವರೂ ಇಳಿದ್ರಾ?"

"ಅವರೆಲ್ಲಿ ಇಳೀತಾರೆ. ವ್ಯಾನಲ್ಲೇ ಕೂತು ಇಸ್ಪೀಟು ಆಡ್ತಿದ್ರು."

"ನೋಡಿ, ಎಂಥ ಸೋಮಾರಿಗಳು. ನೀವು ಒಬ್ಬರು ಬೆವರು ಸುರಿಸ್ತೀರಿ, ಅವರು ಇಸ್ಪೀಟಾಡ್ತಾರೆ. ಕೆಲಸ ಬೇಡ್ವಾ ಅವರಿಗೆ? ಯಾಕೆ ಇಳೀಲಿಲ್ಲ?"

"ಅವರು ಯಾಕೆ ಇಳೀತಾರೆ? ಸರದಿ ನಂದಲ್ವಾ."

ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಸರಳುಗಳನ್ನು ಎಳೆದು ಬಿಸಾಡಿದ ಸದ್ದು. ಕಡ್ಡಿ ಅವನ ತುಟಿಯ ಒಂದು ಮೂಲೆಯಲ್ಲಿ ಹಾಗೇ ನಿಂತುಬಿಟ್ಟಿತು.

ನಾನು ಅವಸರ ಮಾಡಲಿಲ್ಲ.

"ಲಕೋಟೇಲಿ ರೇಟು ಬರೆದು ಪೈಪೋಟಿ ಮಾಡೋ ಜಾಗದಲ್ಲಿ ಸರದಿ ಅಂತ ಒಂದು ಇರುತ್ತಾ?" ಎಂದೆ.

ಅವನು ಕಡ್ಡಿ ತೆಗೆದು ಬುಟ್ಟಿಗೆ ಎಸೆದ. ಹೊಸದನ್ನು ತೆಗೆದುಕೊಳ್ಳಲಿಲ್ಲ.

"ಬಾಯಿ ಬಿಡಿಸೋದ್ರಲ್ಲಿ ಎತ್ತಿದ ಕೈ ನೀವು."

"ವ್ಯಾನಲ್ಲಿ ಮಾತಾಡಿಕೊಳ್ತೀರಿ. ಈ ಕೆಲಸ ನಿನಗೆ, ಮುಂದಿಂದು ಅವನಿಗೆ. ಸರದಿ ಇದ್ದವನು ಅಳೀತಾನೆ. ಉಳಿದವರು ಅವನು ಹೇಳಿದ್ದಕ್ಕಿಂತ ಮೇಲೆ ರೇಟು ಬರೀತಾರೆ. ಟ್ಯಾಂಕು ನಿಮ್ಮ ಸರದಿ. ಹೊಸಬ ಮಾತು ತಪ್ಪಿದ. ನಿಮಗೆ ಹೊಟ್ಟೆ ಉರೀತು. ಅವನ ಮೇಲೆ ದೂರು ಕೊಟ್ರೆ ನಿಮ್ಮ ಗುಟ್ಟೂ ರಟ್ಟಾಗುತ್ತೆ ಅಂತ, ನಮ್ಮತ್ತಿಗೆ ಮೇಲೆ ಗೂಬೆ ಕೂರಿಸಿದ್ರಿ."

"ಎಲ್ಲಾ ಸರಿ," ಎಂದ ಅವನು.

ಇಷ್ಟು ಬೇಗ ಒಪ್ಪುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಬೆವರದೆ ಒಪ್ಪುವವರನ್ನು ಕಂಡರೆ ನನಗೆ ಭಯ.

"ನಾಡಿದ್ದು ವಿಚಾರಣೇಲಿ ಇದನ್ನ ಹೇಳ್ತೀನಿ," ಎಂದೆ.

"ಹೇಳಿ. ಬೇಡ ಅನ್ನೋಲ್ಲ. ಅದಕ್ಕೆ ಮುಂಚೆ ನಾನೊಂದು ಕೇಳ್ತೀನಿ, ಅದಕ್ಕೂ ಉತ್ತರ ಹುಡುಕಿ ಇಟ್ಕೊಳ್ಳಿ. ಆ ದಿನ ಹೊಸಬನೂ ವ್ಯಾನಲ್ಲೇ ಕೂತಿದ್ದ."

"ಸರಿ, ಅದಕ್ಕೇನೀಗ?"

"ಅದಕ್ಕೇನು ಅಂದ್ರೆ? ನಿಮ್ಮ ಲೆಕ್ಕದ ಪ್ರಕಾರ, ಅಳೀದೆ ಇರೋನಿಗೆ ಸ್ವಂತ ರೇಟು ಬರೆಯೋಕಾಗೋಲ್ಲ ತಾನೇ?"

ಹೌದೆಂದು ತಲೆಯಾಡಿಸಿದೆ.

"ನಾವೆಲ್ಲ ಒಳಗಿನ ಗೋಡೆ ಪೂರ್ತಿ ಕಿತ್ತು ಹೊಸ ಗಾರೆ ಹಾಕಬೇಕು ಅಂತ ಬರೆದಿದ್ವಿ," ಎಂದು ಅವನು ನಿಧಾನವಾಗಿ ಮುಂದುವರಿಸಿದ. "ಅವನು ಏನು ಬರೆದಿದ್ದ ಗೊತ್ತಾ? ನೀರು ಒಳಗೆ ಬೀಳೋ ಪೈಪಿನ ಕೆಳಗೆ ಮಾತ್ರ ಗಾರೆ ಎದ್ದಿದೆ, ಅಷ್ಟು ಕಿತ್ತರೆ ಸಾಕು, ಉಳಿದದ್ದು ಗಟ್ಟಿ ಇದೆ ಅಂತ. ಎಷ್ಟು ಉದ್ದ, ಎಷ್ಟು ಅಗಲ, ಎಲ್ಲಾ ಬರೆದಿದ್ದ. ಎಲ್ಲರ ಮುಂದೇ ಓದಿದ್ರು. ನಾನು ಒಳಗಿಳಿದು ನೋಡಿದವನು. ಅವನು ಬರೆದಿದ್ದು ನೂರಕ್ಕೆ ನೂರು ಸರಿ. ವ್ಯಾನಿನ ಕಿಟಕಿಯಿಂದ ಟ್ಯಾಂಕಿನ ಹೊಟ್ಟೆ ಕಾಣುತ್ತಾ ಸ್ವಾಮಿ?"

"ಆಮೇಲೆ ಒಬ್ಬನೇ ಹೋಗಿ ನೋಡಿರಬಹುದು."

"ಟ್ಯಾಂಕಿನ ಬಾಗಿಲಿಗೆ ಬೀಗ. ಬೀಗದಕೈ ಇಲಾಖೇದು. ಅವತ್ತೇ ಮತ್ತೆ ನೀರು ತುಂಬಿಸಿದ್ರು. ಅದರೊಳಗೆ ಇಳಿದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ನನಗಿಂತ ಮುಂಚೆ ಇಳಿದು ಅಂದಾಜು ತಯಾರು ಮಾಡಿದವರು."

ಅಂದಾಜು ತಯಾರಿಸುವುದು ಅತ್ತಿಗೆಯ ಕೆಲಸ. ಅವನು ಹೆಸರು ಹೇಳುವ ಅಗತ್ಯವಿರಲಿಲ್ಲ.

"ಇದನ್ನ ಅರ್ಜೀಲಿ ಬರೆದಿಲ್ಲವಲ್ಲ ನೀವು," ಎಂದೆ.

"ಬರೆದ್ರೆ ಹೊಸಬ ಯಾಕೆ ಇಳೀಲಿಲ್ಲ ಅಂತ ಮೊದಲು ಕೇಳ್ತಾರೆ. ಆಮೇಲೆ ಉಳಿದವರು ಯಾಕೆ ಇಳೀಲಿಲ್ಲ ಅಂತ ಕೇಳ್ತಾರೆ. ನಿಮ್ಮ ಹಾಗೇ ಕೇಳ್ತಾ ಹೋಗ್ತಾರೆ. ಅದಕ್ಕೇ ಬರೀ ಪಕ್ಷಪಾತ ಅಂತ ಬರೆದೆ." ಅವನು ಈಗ ಹೊಸ ಕಡ್ಡಿ ಆರಿಸಿಕೊಂಡ. "ನಮ್ಮ ಜುಟ್ಟು ನಿಮ್ಮ ಕೈಯಲ್ಲಿದೆ. ಅವರ ಜುಟ್ಟು ನಮ್ಮ ಕೈಯಲ್ಲಿದೆ. ಯಾರೂ ಎಳೆಯೋದು ಬೇಡ. ನೀವು ಸರದಿ ವಿಷಯ ಹೊಟ್ಟೇಲಿಟ್ಕೊಳ್ಳಿ, ನಾನು ಅರ್ಜಿ ವಾಪಸ್ ತಗೋತೀನಿ. ನಿಮ್ಮತ್ತಿಗೆ ಮರ್ಯಾದೆಯಿಂದ ಕೆಲಸಕ್ಕೆ ವಾಪಸ್ ಬರ್ತಾರೆ. ಮನೇಲಿ ಮಾತಾಡಿ ಹೇಳಿ."

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ಬಂದೆ.

ಬಸ್ಸಿನಲ್ಲಿ ಕೂತರೆ ಬೇಗ ಮನೆ ಬರುತ್ತದೆ ಎಂದು ನಡೆದೇ ಹೊರಟೆ. ಸತ್ಯ ಗೊತ್ತಾಗಬೇಕು ಎಂದು ಹಟ ಹಿಡಿಯುವ ನಾನು, ಈ ಒಂದು ಸತ್ಯ ಸ್ವಲ್ಪ ತಡವಾಗಿ ಗೊತ್ತಾಗಲಿ ಎಂದುಕೊಂಡೆ. ದಾರಿಯಲ್ಲಿ ಹತ್ತು ಬಗೆಯ ಸಮಜಾಯಿಷಿ ಹೊಸೆದೆ. ಕಛೇರಿಯ ಬೇರೆ ಯಾರೋ ಕೊಟ್ಟಿರಬಹುದು. ಹೊಸಬ ಊಹಿಸಿರಬಹುದು. ಹಲ್ಲುಕಡ್ಡಿಯವನೇ ಕಾಗೆ ಹಾರಿಸಿರಬಹುದು. ಒಂದೂ ನಾಲ್ಕು ಹೆಜ್ಜೆ ನಡೆಯಲಿಲ್ಲ. ಪಂಪ್‌ಹೌಸಿನ ಸುದ್ದಿ ಕೇಳಿದಾಗ ಅತ್ತಿಗೆಗೆ ಆಶ್ಚರ್ಯವೇ ಆಗಲಿಲ್ಲವಲ್ಲ ಎಂಬುದು ಆಗ ತಲೆಗೆ ಹೊಳೆಯಿತು.

ಮನೆಗೆ ಬಂದಾಗ ಅತ್ತಿಗೆ ಹಿತ್ತಿಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವಳ ಮುಖ ನೋಡದೆ ನಾನೂ ಒಂದು ಬೆಡ್‌ಶೀಟಿನ ತುದಿ ಹಿಡಿದುಕೊಂಡೆ. ಇಬ್ಬರೂ ಸೇರಿ ಮಡಿಸತೊಡಗಿದೆವು.

"ಅತ್ತಿಗೆ, ಟ್ಯಾಂಕಿನ ಒಳಗಿನ ಅಳತೆ ಹೊಸಬನಿಗೆ ಯಾರು ಕೊಟ್ರು?"

"ನಾನು."

ಅಷ್ಟು ಸಲೀಸಾಗಿ ಹೇಳಿದಳು. ಬೆಡ್‌ಶೀಟು ನನ್ನ ಕೈಯಿಂದ ಜಾರಿತು. ಅವಳೇ ಬಗ್ಗಿ ಎತ್ತಿ, ಮಣ್ಣು ಕೊಡವಿ, ಮತ್ತೆ ನನ್ನ ಕೈಗೆ ಕೊಟ್ಟಳು.

"ಅವನು ಒಂದು ದಿನ ಕಛೇರಿಗೆ ಬಂದು ಅತ್ತುಬಿಟ್ಟ," ಎಂದಳು. "ಮೇಡಂ, ವ್ಯಾನಲ್ಲಿ ಹೀಗೆಲ್ಲ ನಡೆಯುತ್ತೆ, ನನ್ನ ಸರದಿ ಕೊನೇದಂತೆ, ಅಲ್ಲಿವರೆಗೆ ಬಾಯಿ ಮುಚ್ಕೊಂಡು ಅವರು ಹೇಳಿದ ರೇಟು ಬರೀಬೇಕಂತೆ, ನನ್ನ ಮೇಸ್ತ್ರಿಗಳನ್ನ ಎಷ್ಟು ದಿನ ಸುಮ್ಮನೆ ಕೂರಿಸಲಿ ಅಂದ. ನಾನು ಮಾಡಿಸಿದ ನಿಯಮ ಅದು. ನ್ಯಾಯವಾಗಿರಲಿ ಅಂತ ಮಾಡಿಸಿದ್ದು. ನನಗೆ ನಾಚಿಕೆಯಾಯ್ತು."

"ಮೇಲಿನವರಿಗೆ ಹೇಳಬಹುದಿತ್ತಲ್ಲ."

"ಹೇಳ್ದೆ. ಮುಖ್ಯಸ್ಥರು ಸಾಕ್ಷಿ ಕೇಳಿದ್ರು. ಅವನಿಗೆ ಸಾಕ್ಷಿ ಹೇಳು ಅಂದ್ರೆ, ಆಮೇಲೆ ಈ ಊರಲ್ಲಿ ಯಾರೂ ನನಗೆ ಒಂದು ಮೂಟೆ ಸಿಮೆಂಟೂ ಕೊಡೋಲ್ಲ ಅಂದ. ಒಂದೇ ಒಂದು ಸಲ ಸರದಿ ಮುರಿದುಬಿದ್ರೆ ಅವರವರೇ ಕಚ್ಚಾಡಿ ಎಲ್ಲಾ ಹೊರಗೆ ಬರುತ್ತೆ ಅಂದ್ಕೊಂಡೆ. ಮುರಿಯೋಕೆ ಅವನ ಹತ್ತಿರ ಅಳತೆ ಇರಬೇಕಿತ್ತು. ವ್ಯಾನಿಂದ ಇಳಿದು ಅಳೆದ್ರೆ ಉಳಿದವರಿಗೆ ಗೊತ್ತಾಗಿಬಿಡುತ್ತೆ. ಅದಕ್ಕೆ ನಾನೇ ಕೊಟ್ಟೆ."

"ಒಬ್ಬನ ಕಿವೀಲಿ."

"ಒಬ್ಬನ ಕಿವೀಲಿ," ಎಂದಳು ಅತ್ತಿಗೆ. ಈಗ ಅವಳ ಕಣ್ಣು ತುಂಬಿತ್ತು.

ಹಲ್ಲುಕಡ್ಡಿಯವನ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ನಾವು ಸುಮ್ಮನಿದ್ದರೆ ಅವನೂ ಸುಮ್ಮನಿರುತ್ತಾನೆ, ನೀನು ಕೆಲಸಕ್ಕೆ ಹೋಗಬಹುದು ಎಂದೆ. ನನಗೇನು ಬೇಕಾಗಿತ್ತು ಎಂದು ಕೇಳಿದರೆ, ಅವಳು ಒಪ್ಪಿಕೊಳ್ಳಬೇಕಾಗಿತ್ತು. ಪತ್ತೇದಾರನ ಬಾಯಲ್ಲಿ ಬರಬಾರದ ಮಾತು, ಆದರೂ ಬರೆಯುತ್ತಿದ್ದೇನೆ. ಅವಳ ಮುಖದಲ್ಲಿ ಮೊದಲಿನ ನಗು ವಾಪಸು ಬಂದರೆ ಸಾಕು ಎನಿಸಿತ್ತು.

ಅವಳು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು. ಇಲಾಖೆಯ ಮುಖ್ಯಸ್ಥರು. ಅವರದು ಮೈಕು ಬೇಡದ ಗಂಟಲು. ಪಕ್ಕದಲ್ಲಿ ನಿಂತ ನನಗೂ ಒಂದೊಂದು ಮಾತೂ ಕೇಳುತ್ತಿತ್ತು.

"ಒಳ್ಳೇ ಸುದ್ದಿ ಅಮ್ಮ. ಆ ಮನುಷ್ಯ ಅರ್ಜಿ ವಾಪಸ್ ತಗೊಂಡ. ತಪ್ಪು ತಿಳುವಳಿಕೆ ಆಗಿತ್ತಂತೆ. ವಿಚಾರಣೆ ರದ್ದು. ನಾಳೆಯಿಂದ್ಲೇ ಬಂದುಬಿಡಿ. ಬಂದ ತಕ್ಷಣ ಪಂಪ್‌ಹೌಸಿನ ಆದೇಶಕ್ಕೊಂದು ಸಹಿ ಹಾಕಿ. ಐದು ಜನಾನೂ ಮುಕ್ತವಾಗಿ ಪೈಪೋಟಿ ಮಾಡಿದ್ದಾರೆ ಅಂತ ನೀವು ದೃಢೀಕರಿಸಬೇಕಲ್ಲ, ಆ ಹಂಗಾಮಿಯವನಿಗೆ ಆಗೋಲ್ಲ."

ಅತ್ತಿಗೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದಳು.

"ನೀನು ಒಪ್ಪಿಕೊಂಡು ಬಂದೆಯಾ?"

"ಇಲ್ಲ. ನಿನ್ನಾಣೆಗೂ ಇಲ್ಲ."

"ನಾನು ಒಪ್ಪಿಕೊಂಡೆ," ಎಂದ ಅಣ್ಣ.

ಅವನು ಊಟದ ಮೇಜಿನ ಬಳಿ ನಿಂತಿದ್ದ. ನಾನು ರಸ್ತೆಯಲ್ಲಿ ಸಮಜಾಯಿಷಿ ಹೊಸೆಯುತ್ತ ನಡೆಯುತ್ತಿದ್ದಾಗ ಹಲ್ಲುಕಡ್ಡಿಯವನು ಮನೆಗೇ ಫೋನು ಮಾಡಿದ್ದನಂತೆ.

"ಎಲ್ಲಾ ಹೇಳಿದ. ನೀನು ಅಳತೆ ಕೊಟ್ಟಿದ್ದನ್ನೂ ಹೇಳಿದ. ನಾಡಿದ್ದು ಇದು ಹೊರಗೆ ಬಂದ್ರೆ ನಿನ್ನ ಗತಿ ಏನು? ಒಂದು ವಾರದಿಂದ ನೀನು ನೆಟ್ಟಗೆ ಒಂದು ತುತ್ತು ತಿಂದಿಲ್ಲ. ನಿದ್ದೆ ಮಾಡಿಲ್ಲ. ನನಗೆ ನೋಡೋಕಾಗ್ಲಿಲ್ಲ. ಒಪ್ಪಿಕೊಂಡೆ."

"ಏನಂತ ಒಪ್ಪಿಕೊಂಡ್ರಿ?"

ಅಣ್ಣ ಮೇಜಿನ ಮೇಲೆ ಇಲ್ಲದ ಧೂಳನ್ನು ಕೈಯಿಂದ ಒರೆಸಿದ.

"ಹೇಳಿ. ಅವನಿಗೆ ಏನಂತ ಮಾತು ಕೊಟ್ರಿ?"

"ಪಂಪ್‌ಹೌಸಿಗೆ ನೀನು ಸಹಿ ಹಾಕ್ತೀಯ ಅಂತ. ಇನ್ಮೇಲೆ ಅವರ ಸರದಿಗೆ ಅಡ್ಡ ಬರೋಲ್ಲ ಅಂತ."

ಫೋನಿನಲ್ಲಿ ಮುಖ್ಯಸ್ಥರು ಹಲೋ ಹಲೋ ಎನ್ನುತ್ತಿದ್ದರು. ಅತ್ತಿಗೆ ಅಣ್ಣನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಹತ್ತಿರ ಹೋಗಿ, ಅವನ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಆಮೇಲೆ ರಿಸೀವರಿನಿಂದ ಅಂಗೈ ತೆಗೆದಳು.

"ಕೇಳಿಸ್ತಿದೆ ಸರ್. ನನ್ನ ಮೇಲಿದ್ದ ಅರ್ಜಿ ವಾಪಸಾಯ್ತು ಅಂದ್ರಲ್ಲ, ಸಂತೋಷ. ನಾಡಿದ್ದಿನ ವಿಚಾರಣೆ ಮಾತ್ರ ರದ್ದು ಮಾಡಬೇಡಿ."

"ಯಾಕಮ್ಮ? ಆರೋಪ ಮಾಡಿದವನೇ ಇಲ್ಲವಲ್ಲ."

"ಇನ್ನೊಂದು ಅರ್ಜಿ ಬರುತ್ತೆ ಸರ್. ಅದೂ ನನ್ನ ಮೇಲೇ. ಈ ಸಲ ಬರೀತಿರೋಳು ನಾನು."

ಅಣ್ಣ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಆ ಕಡೆಯಿಂದ ಮುಖ್ಯಸ್ಥರ ಮಾತು ಬಂತು. ಮೊದಲ ಸಲ ನಾನು ಕಿವಿ ಹತ್ತಿರ ಹಿಡಿಯಬೇಕಾಗುವಷ್ಟು ಸಣ್ಣಗೆ.

"ಅಮ್ಮ, ಅಂಥದ್ದೇನೂ ಬರೆಯೋಕೆ ಹೋಗಬೇಡಿ. ವ್ಯಾನಿನ ವಿಷಯ ನೀವು ನನಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹೇಳಿದ ದಿನಾನೇ ನಾನು ಅದನ್ನ ಆ ಗುತ್ತಿಗೆದಾರರಿಗೂ ಹೇಳಿದ್ದೆ."